ಲಿಯೆನಕ್ಕನ ಗಂಧದ ಹಾರ

ಲಂಡನ್ನಿನ ಕ್ರೋಯ್ಡನ್ನಿನಲ್ಲಿ ಲಿಯೆನಕ್ಕ ಹೊಲಿದ ರವಿಕೆಯ ಹೊಲಿಗೆ ಬಿಚ್ಚಬೇಕಾದರೆ ಅದರ ಒಂದು ತುದಿಯನ್ನು ದೀಪದ ಕಂಬಕ್ಕೂ ಇನ್ನೊಂದನ್ನು ಟ್ರಾಮಿಗೂ ಕಟ್ಟಿ ಎಳೆಸಬೇಕು. ಆಗಲೂ ಬಾಗುವುದು ಕಂಬವೇ. ಆಕೆ ವಿಯೆಟ್ನಾಮಿನವಳು, ಹುಟ್ಟಿದ ಮೇಲೆ ಸೀರೆ ಉಟ್ಟವಳಲ್ಲ. ಆದರೂ ಈ ಕಡೆಯ ಕನ್ನಡ ಹೆಂಗಸರ ತೋಳು, ಬೆನ್ನಿನ ಅಳತೆ ಆಕೆಗೆ ಬಾಯಿಪಾಠ. ಯಾರಿಗೆ ಮೈ ಬಂದಿದೆ ಎಂಬುದು ಡಾಕ್ಟರಿಗಿಂತ ಮೊದಲು ಆಕೆಗೇ ಗೊತ್ತು. "ಸಿಸ್ಟರ್, ಅರ್ಧ ಇಂಚು ಬಿಡಿಸಲೋ, ಒಂದೋ?" ಎಂದು ಕೇಳಿದಳೆಂದರೆ ಆ ಮನೆಯ ದೋಸೆಗೆ ಒಂದು ತಿಂಗಳು ತುಪ್ಪವಿಲ್ಲ.

ಅಲ್ಲಿನ ಯುದ್ಧ ಮುಗಿದ ಕೆಲವು ವರ್ಷಗಳಿಗೆ ಆಕೆ, ಗಂಡ ತೋವಾನ್, ಊರಿನ ಮಂದಿ ಎರಡು ದೋಣಿಗಳಲ್ಲಿ ದೇಶ ಬಿಟ್ಟು ಹೊರಟರು. ತೋವಾನ್ ಇಂಜಿನ್ ರಿಪೇರಿಯವನು. ನಡುಗಡಲಲ್ಲಿ ಇನ್ನೊಂದು ದೋಣಿಯ ಇಂಜಿನ್ ಕೆಟ್ಟಿತು. ಸರಿಮಾಡಿ ಬರುತ್ತೇನೆಂದು ಆ ದೋಣಿಗೆ ದಾಟಿದ. ಅಷ್ಟರಲ್ಲಿ ಗಾಳಿ ಎದ್ದಿತು. ಮಳೆ ನಿಂತಾಗ ಕಡಲಲ್ಲಿ ಕಂಡದ್ದು ಒಂದೇ ದೋಣಿ, ಆಕೆಯದು. ಅದರಲ್ಲಿದ್ದವರನ್ನು ಇಂಗ್ಲೆಂಡಿನ ಒಂದು ಸರಕು ಹಡಗು ಹತ್ತಿಸಿಕೊಂಡಿತು. ಆ ಇನ್ನೊಂದು ದೋಣಿಯ ಸುದ್ದಿ ಮತ್ತೆ ಬರಲಿಲ್ಲ.

ಅವರಲ್ಲೂ ಸತ್ತವರಿಗೆ ವರ್ಷಕ್ಕೊಮ್ಮೆ ಊಟ ಇಡುತ್ತಾರೆ. ಇಡದಿದ್ದರೆ ಆತ್ಮ ಹಸಿದು ಅಲೆಯುತ್ತದೆಂಬ ನಂಬಿಕೆ. ಆದರೆ ಬದುಕಿರುವವನಿಗೆ ಇಟ್ಟರೆ? ಕೈಯಾರೆ ಕೊಂದಂತೆ. ಲಿಯೆನಕ್ಕನ ಅಂಗಡಿಯ ಮೂಲೆಯಲ್ಲಿ ಅತ್ತೆ ಮಾವನ ಫೋಟೋಗಳಿಗೆ ದಿನಾ ಊದುಬತ್ತಿ, ಕಿತ್ತಳೆ ಹಣ್ಣು. ತೋವಾನನ ಫೋಟೋ ಮಾತ್ರ ಮೆಷಿನ್ನಿನ ಖಾನೆಯಲ್ಲಿ, ದಾರದ ಉಂಡೆಗಳ ಜೊತೆ. ಗಂಡನನ್ನು ಹಸಿವಿನಲ್ಲಿಡುವುದೋ, ಕೊಲ್ಲುವುದೋ ಎಂದು ತೀರ್ಮಾನವಾಗದೆ ಆಕೆಯ ತಲೆ ನೆರೆದಿತ್ತು.

ಗಂಡ ಕಡಲಲ್ಲಿ ಕಾಣೆಯಾದನೆಂದು ಮಾತ್ರ ಕೇಳಿದ್ದ ಸ್ವರ್ಣಲತಾಗೆ ಈ ಸಂಕಟ ಗೊತ್ತಿರಲಿಲ್ಲ. ಈಕೆ ಅಲ್ಲೇ ದೋಸೆ ಹೋಟೆಲು ಇಟ್ಟಿರುವ ಕುಂದಾಪುರದ ಉಮಾನಾಥರ ಹೆಂಡತಿ. ದಾರ ಹುಡುಕುವಾಗ ಖಾನೆಯಲ್ಲಿ ಫೋಟೋ ಕಂಡಳು. ಎರಡು ಸಾವಿರದ ಒಂದರ ಬೇಸಿಗೆಯಲ್ಲಿ ಊರಿಗೆ ಹೋದವಳು ಉಡುಪಿಯಿಂದ ಗಂಧದ ಚಕ್ಕೆಯ ಹಾರ ತಂದು, ಖಾನೆ ಎಳೆದು, ತಾನೇ ಫೋಟೋಕ್ಕೆ ಹಾಕಿಬಿಟ್ಟಳು. ಕನ್ನಡದವರು ಹಾರ ಹಾಕುವುದು ಸತ್ತವರ ಫೋಟೋಕ್ಕೆಂದು ತಿಳಿದಿದ್ದ ಲಿಯೆನಕ್ಕ ಆಕೆಯನ್ನು ಹೊರಗೆ ಕಳಿಸಿದಳು. ಅಂಗಡಿ ಮುಚ್ಚಿದಳು.

ಮರುದಿನ ಮಧ್ಯಾಹ್ನ ಹಾರವನ್ನೂ ಸ್ವರ್ಣಲತಾ ಹೊಲಿಯಲು ಕೊಟ್ಟಿದ್ದ ರವಿಕೆ ಕಣವನ್ನೂ ಚೀಲದಲ್ಲಿಟ್ಟುಕೊಂಡು ಹೋಟೆಲಿಗೆ ಬಂದು ಮೇಜಿನ ಮೇಲೆ ಸುರಿದಳು.

"ಅವನು ಸತ್ತ ಅಂತ ನಿನಗೆ ಹೇಳಿದ್ದು ಯಾರು, ಸಿಸ್ಟರ್?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಉಮಾನಾಥರು ಹೆಂಡತಿಯ ಕಡೆ ತಿರುಗಿದರು. "ಎಂಥ ಮಾಡ್ದ್ಯೇ ಮಾರಾಯ್ತಿ? ಇದ್ದನೋ ಇಲ್ಯೋ ಗೊತ್ತಿಲ್ಲದ್ ಜನಕ್ಕೆ ಹಾರ ಹಾಕುದಾ?"

"ಇಷ್ಟ್ ವರ್ಷ ಆಯ್ತಲ್ದೆ? ಫೋಟೋ ಬೋಳ್ ಬೋಳಾಗಿತ್ತ್. ಪಾಪ ಕಂಡ್ತ್," ಎಂದು ಸ್ವರ್ಣಲತಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಲಿಯೆನಕ್ಕ ಹೊರಡಲು ತಿರುಗಿದವಳು ನಿಂತಳು. ಕ್ಯಾಶ್ ಕೌಂಟರಿನ ಮೇಲೆ ಗಂಧದ ಹಾರ ಹಾಕಿಕೊಂಡ ಉಮಾನಾಥರ ಫೋಟೋ ಇತ್ತು. ಲಂಡನ್ನಿನ ಇನ್ನೊಂದು ತುದಿಯ ಎಜ್‌ವೇರಿನಲ್ಲಿ ಕನ್ನಡಿಗರೆಲ್ಲ ಸೇರಿ ಅವರಿಗೆ ಸನ್ಮಾನ ಮಾಡಿದ್ದಾಗ ತೆಗೆದದ್ದು. ಅವರು ಆ ಹಾರವನ್ನು ಕೊರಳಿಂದ ತೆಗೆಯದೆ ರೈಲಿನಲ್ಲೇ ಮನೆಗೆ ಬಂದರು. ಸ್ನಾನಕ್ಕೂ ತೆಗೆಯದೆ ಎಂಟು ದಿನ ಕಳೆದರು. ಕೊನೆಗೆ ಅವರ ಬೆವರಿಗೇ ಗಂಧದ ವಾಸನೆ ಬರತೊಡಗಿತು.

ಲಿಯೆನಕ್ಕ ಫೋಟೋ ನೋಡಿದಳು, ಕೆಳಗೆ ಚಿಲ್ಲರೆ ಎಣಿಸುತ್ತಿದ್ದ ಉಮಾನಾಥರನ್ನು ನೋಡಿದಳು. "ಅದೇ ಹಾರ. ನೀನು ಸತ್ತಿಲ್ಲವಲ್ಲ!"

"ಇಲ್ಲಕ್ಕಾ, ಬಾಡಿಗೆ ಕಟ್ಟುವವರು ಯಾರು ಮತ್ತೆ?" ಎಂದರು ಉಮಾನಾಥರು. "ದೊಡ್ಡವರು ಬಂದರೆ ಕೊರಳಿಗೆ ಹಾಕ್ತೇವೆ. ಹೋದರೆ ಫೋಟೋಕ್ಕೆ ಹಾಕ್ತೇವೆ. ಹಾರ ಒಂದೇ."

"ಎರಡಕ್ಕೂ?"

"ಎರಡಕ್ಕೂ."

ಲಿಯೆನಕ್ಕ ಕುರ್ಚಿ ಎಳೆದು ಕೂತಳು. ದೋಸೆ ಬಂತು, ಪೂರ್ತಿ ತಿಂದಳು. ಹೊರಡುವಾಗ ಹಾರವನ್ನೂ ರವಿಕೆ ಕಣವನ್ನೂ ಮತ್ತೆ ಚೀಲಕ್ಕೆ ಹಾಕಿಕೊಂಡಳು.

ಈಗ ಆ ಹಾರ ಅಂಗಡಿಯ ಬಾಗಿಲ ಪಕ್ಕದ ಮೊಳೆಯಲ್ಲಿದೆ, ಒಳಗೆ ಬಂದವರ ಕೊರಳಿಗೆ ತಟ್ಟನೆ ಹಾಕಲು ಕೈಗೆಟಕುವಷ್ಟು ಎತ್ತರದಲ್ಲಿ. ಫೋಟೋ ಖಾನೆಯಲ್ಲೇ ಇದೆ. ಪ್ರತಿ ವರ್ಷ ದೋಣಿ ಹೊರಟ ದಿನ ಬಂದರೆ ಲಿಯೆನಕ್ಕ ಊಟದ ಮೇಜಿನ ಮೇಲೆ ಒಂದು ಬಟ್ಟಲು ಅನ್ನ, ಮೀನು ಹೆಚ್ಚಿಗೆ ಇಡುತ್ತಾಳೆ. ಊದುಬತ್ತಿ ಹಚ್ಚುವುದಿಲ್ಲ. ಅನ್ನ ಆರದಂತೆ ಮೇಲೆ ತಟ್ಟೆ ಮುಚ್ಚುತ್ತಾಳೆ, ಕೆಲಸದಿಂದ ತಡವಾಗಿ ಬರುವವರಿಗೆ ಮುಚ್ಚಿಡುವ ಹಾಗೆ.