ಒಂದು ಬಳಿ ಕೈಯಾಗ ಬಿಡಬೇಕಿತ್ತು

ನಾ ಬಳಿಗಾರಾಕಿ. ಲಕ್ಷ್ಮೇಶ್ವರದಾಗ ನಮ್ಮತ್ತಿ ಕಾಲದಿಂದ ಇದ ನಮ್ಮ ಕಸುಬು. ಬುಟ್ಟಿ ಹೊತ್ತು ಶಿರಹಟ್ಟಿ ಕಡೆ ಹಳ್ಳಿ ಎಲ್ಲಾ ತಿರಗೀನಿ. ಮದಿವಿ, ಸೀಮಂತ, ಪಂಚಮಿ ಹಬ್ಬ ಬಂದ್ರ ನನಗ ಊಟಕ್ಕೂ ಪುರಸೊತ್ತು ಇರೂದಿಲ್ಲ. ಯಾರ ಕೈ ಬಿರುಸು, ಯಾರದು ಮೆತ್ತಗ ಅಂತ ಮುಟ್ಟಿದ ಕೂಡಲೆ ಹೇಳ್ತೀನಿ. ನನ್ನ ಕೈಯಾಗ ಬಳಿ ಒಡದದ್ದು ಬಾಳ ಕಡಿಮಿ. ಈ ಮಾತು ಹೇಳುವಾಗ ಮೊದಲ ನನಗ ಸೊಕ್ಕು ಬರ್ತಿತ್ತು. ಈಗ ಬರೂದಿಲ್ಲ.

ನಮ್ಮತ್ತಿ ಮೊದಲನೇ ದಿನಾನ ಒಂದು ಪದ್ಧತಿ ಕಲಿಸಿದ್ಲು. ಮುತ್ತೈದಿ ಕೈಯಾಗಿನ ಹಳೇ ಬಳಿ ತಗಿಯುವಾಗ ಎಲ್ಲಾ ತಗೀಬಾರದು. ಒಂದರೆ ಬಿಡಬೇಕು, ಹೊಸಾವು ಏರಿದ ಮ್ಯಾಲ ಅದನ್ನ ತಗೀಬೇಕು. ಬಳಿ ಇಲ್ಲಾಂದ್ರ ಒಂದೆಳಿ ದಾರಾನರೆ ಕಟ್ಟಬೇಕು. ಎರಡೂ ಕೈ ಬರಿದು ಮಾಡೂದು ಗಂಡ ಸತ್ತಾಗ ಅಷ್ಟ. ನಾವು ಮುಸಲ್ಮಾನರು, ಅವರು ಹಿಂದೂಗಳು, ಆದ್ರ ಅವರ ಈ ಪದ್ಧತಿ ಕಾಯೂ ಕೆಲಸ ನಮ್ಮ ಕೈಯಾಗ ಇತ್ತು. ಮೂವತ್ತು ವರ್ಷ ಕಾಯ್ದೆ. ಒಂದ ಸಲ ಮರತೆ.

ಕೊರೋನಾ ಎರಡನೇ ಸಲ ಬಂದಾಗ ನನ್ನನ್ನ ಗದಗಿನ ಆಸ್ಪತ್ರಿಗೆ ಹಾಕಿದ್ರು. ಹೆಣ್ಮಕ್ಕಳ ವಾರ್ಡು. ಮನಿಯವರು ಯಾರೂ ಒಳಗ ಬರೂ ಹಂಗಿಲ್ಲ. ನರ್ಸಮ್ಮಗಳು ಮೈತುಂಬ ಬಿಳೇ ಚೀಲ ಹಾಕ್ಕೊಂಡು ಬರ್ತಿದ್ರು, ಯಾರ ಮಾರಿ ಯಾವುದು ತಿಳೀತಿದ್ದಿಲ್ಲ. ನನ್ನ ಬಾಜೂ ಮಂಚದಾಗ ಬೆಟಗೇರಿ ನೇಕಾರರ ಹೆಣ್ಮಗಳು ಇದ್ಲು, ನನಗಿಂತ ನಾಕೈದು ವರ್ಷ ಸಣ್ಣಾಕಿ. ಆಕಿನ್ನೂ ಆಕಿ ಗಂಡನ್ನೂ ಒಂದ ದಿನ ಕರಕೊಂಡು ಬಂದಿದ್ರು. ಗಂಡ ಮ್ಯಾಲಿನ ಅಂತಸ್ತಿನ್ಯಾಗ, ಗಂಡಸರ ವಾರ್ಡಿನ್ಯಾಗ. ಅವರ ಮನ್ಯಾಗಿದ್ದ ಒಂದ ಫೋನು ಮಗಳ ಹತ್ರ ಉಳದಿತ್ತು.

ಆಕಿಗೆ ತನ್ನ ಉಸಿರಿನ ಚಿಂತಿ ಇದ್ದಿಲ್ಲ. ಅವರು ಉಂಡ್ರೋ ಇಲ್ಲೋ, ಸಪ್ಪನ್ನ ಗಂಜಿ ಅವರಿಗೆ ಸೇರೂದಿಲ್ಲ, ಅವರು ಮಗ್ಗಕ್ಕ ಕುಂತ್ರ ನಾನ ನೂಲಿನ ಕಂಡಕಿ ಸುತ್ತಿ ಕೊಡಬೇಕು, ಬ್ಯಾರೇದವರು ಸುತ್ತಿದ್ರ ನೂಲು ಹರೀತೈತಿ ಅಂತಾರ. ಇದ ಮಾತು ದಿನಾ. ನಾ ಕಾಡಸ್ತಿದ್ದೆ, ಮದಿವ್ಯಾಗಿ ನಿನ್ನೆ ಬಂದಾಕಿ ಹಂಗ ಮಾಡ್ತೀಯಲ್ಲ ತಂಗೀ ಅಂತ. ಆಕಿ ನಾಚಿ ಆಕ್ಸಿಜನ್ ಮಾಸ್ಕಿನೊಳಗ ನಗ್ತಿದ್ಲು.

ಕಿಡಕಿ ಬಾಜೂ ಒಂದು ಹುಡುಗಿ ಇತ್ತು. ಅದರ ತಾಯಿ ಬ್ಯಾರೆ ಆಸ್ಪತ್ರ್ಯಾಗ ತೀರಿಕೊಂಡಿದ್ಲು. ಮನಿಯವರು ಹುಡುಗಿಗೆ ಹೇಳಬ್ಯಾಡ್ರಿ ಅಂತ ನರ್ಸಮ್ಮಗ ಫೋನ್ ಮಾಡಿದ್ರು. ಅದು ಕೇಳಿದಾಗೊಮ್ಮೆ ನಾನೂ ನೇಕಾರ ತಂಗೀನೂ ಕೂಡೇ ಹೇಳ್ತಿದ್ವಿ, ನಿಮ್ಮವ್ವ ಆರಾಮ ಅದಾಳ, ಇವತ್ತ ಎದ್ದು ಕುಂತಾಳಂತ. ಅಲ್ಲಾನ ಆಣಿ ಅಂತ ಸೇರಿಸಾಕೂ ನಾ ಹಿಂದ ಮುಂದ ನೋಡಲಿಲ್ಲ. ಬೂಬಮ್ಮಾ, ಸುಳ್ಳು ಹೇಳೂದು ನಿನ್ನ ಕಡೆಯಿಂದ ಕಲೀಬೇಕು ನೋಡು ಅಂತ ತಂಗಿ ಅಂದಿದ್ಲು. ಅವತ್ತ ಅದು ನನಗ ಹೊಗಳಿಕಿ ಅನಿಸಿತ್ತು.

ಐದನೇ ದಿನಾ ಆಕಿ ಸೂಜಿ ಚುಚ್ಚಿದ ಕೈ ಬಾತು ಕೆಂಪಗಾತು. ಹಸರು ಗಾಜಿನ ಬಳಿ ಕೈಗೆ ಬಿಗದು ಕುಂತಿದ್ದುವು. ನರ್ಸಮ್ಮ ಬಂದು ಇವನ್ನ ಒಡದು ತಗೀಬೇಕು ಅಂದ್ಲು. ತಂಗಿ ಕೈ ಎದಿಗೆ ಅವಚಿಕೊಂಡು ಕುಂತ್ಲು. ನಾ ಸುಮ್ಮನಿರೋ ಜಾತಿ ಅಲ್ಲ. ನನ್ನ ಮಾಸ್ಕ ಕಿತ್ತಿಟ್ಟು, ತೇಕೋತ ಮಂಚ ಇಳದು, ಒಡಿಯೂದು ಬ್ಯಾಡ್ರಿ, ನಾ ತಗೀತೀನಿ ಅಂದೆ. ಸಾಬೂನ ನೀರು ಹಚ್ಚಿ, ಬೆರಳು ಮಡಚಿ, ಒಂದೊಂದ ಜಾರಿಸಿದೆ. ಆ ಕೈ ಆತು. ಸೂಜಿ ಇನ್ನೊಂದು ಕೈಗೆ ಹಾಕಬೇಕು, ಅಲ್ಲಿವೂ ತಗಿ ಅಂದ್ಲು ನರ್ಸಮ್ಮ. ಅವನ್ನೂ ತಗದೆ. ಒಂದೂ ಒಡೀಲಿಲ್ಲ! ಭಲೇ ಬೂಬಮ್ಮ ಅಂದ್ಲು ನರ್ಸಮ್ಮ. ನಾ ಹಿಗ್ಗಿ ನರ್ಸಮ್ಮನ ಕಡೆ ನೋಡಕೋತ ನಿಂತೆ. ಬಳಿ ಅರಿವ್ಯಾಗ ಸುತ್ತಿ ನನ್ನ ತಲಿದಿಂಬಿನ ಕೆಳಗ ಇಟ್ಟೆ. ದಾರಾ ಕಟ್ಟೂದು ನೆನಪಾಗಲೇ ಇಲ್ಲ.

ತಂಗಿ ತನ್ನ ಎರಡೂ ಕೈ ನೋಡಿಕೊಂಡ್ಲು. ಆಮ್ಯಾಲ ನನ್ನ ಮಾರಿ ನೋಡಿದ್ಲು. ಗ್ವಾಡಿ ಕಡೆ ಹೊಳ್ಳಿ ಮಲಗಿದ್ಲು.

ನನಗ ಉರದು ಹೋತು. ಅದರ ಹಿಂದಿನ ವರ್ಷ ಈ ರೋಗ ನಮ್ಮ ಮಂದಿಯಿಂದ ಬಂತು ಅಂತ ಸುದ್ದಿ ಹಬ್ಬಿಸಿ, ಮೂವತ್ತು ವರ್ಷ ನನ್ನ ಕೈಲೆ ಬಳಿ ಇಡಿಸಿಕೊಂಡವರೂ ಬುಟ್ಟಿ ಕಂಡ ಕೂಡಲೆ ಬಾಗಲಾ ಹಾಕಿದ್ರು. ಆ ಗಾಯ ಹಸೀನ ಇತ್ತು. ಈಕೀನೂ ಅಂಥಾಕೀನ, ನಾ ಮುಟ್ಟಿದ್ದು ಸೇರಲಿಲ್ಲ ಈಕಿಗೆ ಅಂತ ತಿಳಕೊಂಡೆ. ಮೊದಲ ನನಗ ಸಿಟ್ಟು ಮೂಗಿನ ತುದಿ ಮ್ಯಾಲ. ನಾನೂ ಮಾರಿ ತಿರುವಿದೆ.

ಎರಡು ದಿನ ಮಾತಿಲ್ಲ. ಆಕಿ ಗಂಜಿ ಮುಟ್ಟಲಿಲ್ಲ. ಮಾಸ್ಕ ತಗದು ಬಾಜೂಕ ಇಡ್ತಿದ್ಲು, ನರ್ಸಮ್ಮ ಬೈದು ಹಾಕ್ತಿದ್ಲು, ಆಕಿ ಮತ್ತ ತಗೀತಿದ್ಲು. ಗಂಡ ಉಂಡ್ರೋ ಇಲ್ಲೋ ಅಂತ ಒಂದ ಸಲನೂ ಕೇಳಲಿಲ್ಲ. ನಾ ಅದನ್ನಾದ್ರೂ ಗಮನಿಸಬೇಕಿತ್ತು. ಬೆರಳಿಗೆ ಮಷೀನ್ ಹಚ್ಚಿ ದಿನಕ್ಕ ನಾಕು ಸಲ ನೋಡವರಿದ್ರು, ಮನಸಿನ್ಯಾಗ ಏನೈತಿ ಅಂತ ಕೇಳವರಿದ್ದಿಲ್ಲ. ಕೇಳಬೇಕಾದಾಕಿ ನಾನು, ಒಂದು ಮೊಳ ದೂರದಾಗ ಹಟಾ ಹಿಡದು ಮಲಗಿದ್ದೆ.

ಮೂರನೇ ದಿನಾ ಮಧ್ಯಾಹ್ನ ಆಕೀನ ನನ್ನ ಕಡೆ ಹೊಳ್ಳಿದ್ಲು. ದನಿ ಬಾಳ ಸಣ್ಣದಾಗಿತ್ತು.

"ಬೂಬಮ್ಮಾ, ಅವರು ಯಾವತ್ತ ಹೋದ್ರು? ಅದೊಂದರೆ ಹೇಳು."

ಯಾರು ಅಂತ ಕೇಳಿದೆ ನಾ, ಹುಚ್ಚಿ ಹಂಗ.

"ನೀ ನನ್ನ ಎರಡೂ ಕೈ ಬರಿದು ಮಾಡಿದಾಗ ತಿಳೀತು. ಬಳಿಗಾರಾಕಿ ಆಗಿ ನೀ ಸುಮ್ಮಸುಮ್ಮನ ಹಂಗ ಮಾಡ್ತೀಯೇನು?"

ಇಲ್ಲವಾ ತಂಗೀ, ಅವರು ಆರಾಮ ಅದಾರ, ನಾ ಮರತೆ, ಖರೇನ ಮರತೆ, ಅಲ್ಲಾನ ಆಣಿ ಅಂದೆ. ಆಕಿ ಕಿಡಕಿ ಕಡೆ ಕಣ್ಣು ಹೊಳ್ಳಿಸಿದ್ಲು. ಆ ಹುಡುಗಿಗೂ ಹಿಂಗ ಆಣಿ ಮಾಡಿದ್ದೆಲ್ಲ ಅಂದ್ಲು. ಬಯ್ದು ಅಂದದ್ದಲ್ಲ, ನಾ ಏನೋ ಉಪಕಾರ ಮಾಡಾಕತ್ತೀನಿ ಅನ್ನೂ ಹಂಗ ಅಂದ್ಲು. ಬಳಿ ಗಂಟು ಬಿಚ್ಚಿ ಒಂದನ್ನ ಇಡಸಾಕ ಹೋದೆ. ಕೈ ಎಳಕೊಂಡ್ಲು, ರಂಡಿಮುಂಡಿ ಕೈಗೆ ಬಳಿ ಇಡಿಸಿದ್ರ ನಿನಗ ಪಾಪ ಹತ್ತತೈತಿ ಅಂದ್ಲು. ಆ ಹೊತ್ತಿನ್ಯಾಗೂ ನನ್ನ ಪಾಪದ ಚಿಂತಿ ಆಕಿಗೆ.

ನನ್ನ ಫೋನಿನಿಂದ ಆಕಿ ಮಗಳಿಗೆ ಹಚ್ಚಿ ಕಿವಿಗೆ ಹಿಡದೆ. ಅವ್ವನ ದನಿ ಕೇಳಿದ ಕೂಡಲೆ ಮಗಳು ಅಳಾಕ ಹತ್ತಿತು, ಅಳಕೋತಾನ ಅಪ್ಪ ಆರಾಮ ಅದಾನವ್ವ ಅಂತು. ಆ ಅಳು ಕೇಳಿ ತಂಗಿ ಕಣ್ಣು ಮುಚ್ಚಿದ್ಲು. ಇದ್ದ ಸಂಶಯನೂ ಗಟ್ಟಿ ಆತು. ಇನ್ನ ಅವನ ದನೀನ ಕೇಳಿಸಬೇಕು, ಅದು ಬಿಟ್ರ ದಾರಿ ಇಲ್ಲ. ನರ್ಸಮ್ಮಗ ಕೈಮುಗದೆ, ಕಾಲು ಹಿಡೀತೀನಿ ಅಂದೆ. ಆಕಿ ಪಾಪ, ನಾಳೆ ಮುಂಜಾನೆ ನನ್ನ ಪಾಳಿ ಮ್ಯಾಲಿನ ವಾರ್ಡಿನ್ಯಾಗ ಐತಿ, ನಾನ ನನ್ನ ಫೋನ್ ಒಯ್ದು ಮಾತಾಡಿಸ್ತೀನಿ ಅಂದ್ಲು.

ಮುಂಜಾನಿ ಮ್ಯಾಲಿಂದ ನನಗ ಫೋನು ಬಂತು. ಆದ್ರ ಬಾಜೂ ಮಂಚ ಖಾಲಿ ಆಗಿತ್ತು, ಬೆಳಕು ಹರಿಯೂದ್ರಾಗ ಆಕಿನ್ನ ಐಸಿಯುಕ್ಕ ಒಯ್ದಿದ್ರು. "ಎಲ್ಲಿ ಅದಾಳ್ರಿ, ಕೊಡ್ರಿ" ಅಂತ ಆ ಗಂಡಸು ಫೋನಿನ್ಯಾಗ ಒದರಾಕತ್ತಿದ್ದ. ನಾ ಬಟನ್ ಒತ್ತಿ ಇಟ್ಟೆ. ಮರುದಿನ ಮಧ್ಯಾಹ್ನ ಆಕಿ ತೀರಿಕೊಂಡ್ಲು.

ರೋಗ ಜೋರಿತ್ತು, ನೀ ಏನು ಮಾಡ್ತಿದ್ದಿ ಅಂತ ನಮ್ಮ ಮನಿಯವರು ಸಮಾಧಾನ ಹೇಳ್ತಾರ. ಇದ್ದೀತು. ಆದ್ರ ಮುತ್ತೈದಿ ಆಗಿ ಹೋಗೂ ಹೆಣ್ಮಗಳು ರಂಡಿ ಆದೆ ಅನಕೋತ ಹೋದ್ಲಲ್ಲ, ಅದನ್ನ ರೋಗ ಮಾಡಲಿಲ್ಲ. ನಾ ಮಾಡಿದೆ. ಮೊದಲ ಮರವಿನಿಂದ ಮಾಡಿದೆ, ಆಮ್ಯಾಲ ಸಿಟ್ಟಿನಿಂದ ಮಾಡಿದೆ.

ಆ ವರ್ಷ ದೀಪಾವಳಿ ಮುಂದ ಒಬ್ಬ ಮುದುಕ ನಮ್ಮ ಮನಿ ಹುಡುಕ್ಕೊಂಡು ಬಂದ. ಆಕಿ ಗಂಡ. ಆಸ್ಪತ್ರಿ ನರ್ಸಮ್ಮನಿಂದ ನನ್ನ ಸುದ್ದಿ ತಿಳಕೊಂಡು ಬೆಟಗೇರಿಯಿಂದ ಬಸ್ ಹತ್ತಿ ಬಂದಿದ್ದ. ಚಾ ಕೊಟ್ಟೆ, ಕುಡೀಲಿಲ್ಲ. ಆಕಿ ಹೋದಾಗ ಅವನೂ ಮ್ಯಾಲಿನ ವಾರ್ಡಿನ್ಯಾಗ ಮಲಗಿದ್ದ, ಮಾರಿ ನೋಡಾಕೂ ಸಿಗಲಿಲ್ಲ. ಸುತ್ತಿ ಒಯ್ದುಬಿಟ್ಟಿದ್ರು. ಅಂಗೈ ನೋಡಕೋತ ಕೇಳಿದ.

"ಹೋಗುವಾಗ ಆಕಿ ಕೈಯಾಗ ಬಳಿ ಇದ್ದುವೇನ್ರಿ?"

"ಇದ್ದುವರಿ" ಅಂದೆ. "ಎರಡೂ ಕೈ ತುಂಬ. ನಾನ ಇಡಿಸಿದ್ದೆ."

"ಹಂಗಾರ ಆತು ಬಿಡ್ರಿ" ಅಂದು ಚಾ ಕುಡದ. ಆಕಿ ನನ್ನ ಖರೆ ಮಾತು ನಂಬಲಿಲ್ಲ, ಇವ ಸುಳ್ಳು ನಂಬಿದ. ಅವ ಕುಂತಿದ್ದು ನನ್ನ ಟ್ರಂಕಿನ ಮ್ಯಾಲ. ಹಸರು ಬಳಿ ಗಂಟು ಅದರಾಗ ಇತ್ತು.