ಸದ್ದಿಲ್ಲದ ದಾರಿಯೂ ನನ್ನ ಬಾಯಿಯೂ

ನಾನು ಚಿಕ್ಕವನಿದ್ದಾಗ ಒಮ್ಮೆ ಅಪ್ಪ ಚಿರತೆಗೆ ಹೆದರಿ ಮರ ಹತ್ತಿದ್ದರು. ಆ ಚಿರತೆ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ ಮಕ್ಕಳೇ. ಇಲ್ಲದಿದ್ದರೆ ನನ್ನ ಅಕ್ಕ ಉಪ್ಪು ಖಾರ ಹಚ್ಚಿ ಹೇಳುತ್ತಾಳೆ.

ಆಗ ನನಗೆ ಎರಡು ರೋಗ. ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ, ಬಾಯಿ ಕೇಳಿದ್ದನ್ನೆಲ್ಲ ಅಣಕಿಸುತ್ತಿತ್ತು. ಮಾಸ್ತರರ ಕೆಮ್ಮು, ಅಪ್ಪನ ಗೊರಕೆ, ಕೊನೆಗೆ ಏಟು ತಿಂದು ಅಳುವ ನನ್ನದೇ ದನಿ, ಯಾವುದನ್ನೂ ಬಿಡುತ್ತಿರಲಿಲ್ಲ.

ನಮ್ಮ ಮನೆ ಹಳಿಯಾಳದಿಂದ ದಾಂಡೇಲಿಗೆ ಹೋಗುವ ದಾರಿಯಲ್ಲಿ, ಗದ್ದೆ ಮುಗಿದು ಸಾಗವಾನಿ ಕಾಡು ಶುರುವಾಗುವ ಕಡೆ ಇತ್ತು. ಆ ಕಾಲದಲ್ಲಿ ಬೇಟೆಗೆ ಸರ್ಕಾರವೇ ಪರವಾನಿಗೆ ಕೊಡುತ್ತಿತ್ತು. ಭತ್ತ ಕೊಯ್ದು ಬಣವೆ ಹಾಕಿದ ಮೇಲೆ ಜಿಂಕೆ ಬೇಟೆ. ಅದಕ್ಕೂ ಮೊದಲು ಹಳ್ಳದಿಂದ ಮತ್ತಿಮರದವರೆಗಿನ ಕಾಲುದಾರಿಯನ್ನು ಹಸನು ಮಾಡಬೇಕು. ಮರದ ಕವಲಿನಲ್ಲಿ ಬೇಟೆಗಾರ ಕೂರುವ ಅಟ್ಟ. ಅದರಲ್ಲಿ ಅಪ್ಪನ ಪಕ್ಕ ಇನ್ನೊಬ್ಬರಿಗಷ್ಟೇ ಜಾಗ. ಆ ಜಾಗ ನನಗೋ ಅಕ್ಕನಿಗೋ ಎಂಬುದು ಅಂದು ತೀರ್ಮಾನವಾಗಬೇಕಿತ್ತು. ಹಿಂದಿನ ರಾತ್ರಿಯೆಲ್ಲ ನಾನು ಚಾಪೆಯ ಮೇಲೆ ಹೊರಳಾಡಿದ್ದೆ.

ಬೆಳಿಗ್ಗೆ ಇಬ್ಬನಿಯ ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಅಪ್ಪ ಕತ್ತಿ ಹಿಡಿದು ಅಂಗಿಗೆ ಸಿಕ್ಕುವ ಮುಳ್ಳುಕೊಂಬೆಗಳನ್ನು ಸವರುತ್ತ ನಡೆದರು. ಹಿಂದೆ ನಾನೂ ಅಕ್ಕನೂ ಕಡ್ಡಿಪೊರಕೆ ಹಿಡಿದು ಎಲೆ ಗುಡಿಸಬೇಕು. ಸಾಗವಾನಿ ಎಲೆ ಅಂದರೆ ಸಣ್ಣದಲ್ಲ, ಊಟದ ತಟ್ಟೆಯಷ್ಟು ಅಗಲ. ಬಿಸಿಲು ಏರಿ ಒಣಗಿದ ಮೇಲೆ ತುಳಿದರೆ ಹಪ್ಪಳ ಮುರಿದಂತೆ ಸದ್ದು. ಅದು ಜಿಂಕೆಯ ಕಿವಿಗೆ ಬಿದ್ದರೆ ಮುಗಿಯಿತು.

ಹಳ್ಳದ ಕಡೆಯ ಅರ್ಧ ಅಕ್ಕನದು. ಅವಳು ನಮ್ಮ ಮನೆಯ ಅಂಗಳವನ್ನೂ ಅಷ್ಟು ಚೊಕ್ಕ ಗುಡಿಸಿದವಳಲ್ಲ! ಮರದ ಕಡೆಯ ಅರ್ಧ ನನ್ನದು. ನಾನು ನಾಲ್ಕು ಸಲ ಪೊರಕೆ ಆಡಿಸುವುದು, ಅಪ್ಪ ಬಗ್ಗಿ ಸೊಂಟ ಹಿಡಿದುಕೊಂಡು "ಅಯ್ಯಯ್ಯೋ" ಎನ್ನುವುದನ್ನು ಅಣಕಿಸುವುದು, ಅಳಿಲಿನ ಹಿಂದೆ ಓಡುವುದು. ಹೀಗಾಗಿ ಕೊನೆಯ ತಿರುವು ಗುಡಿಸದೆ ಹಾಗೆಯೇ ಉಳಿಯಿತು. ಯಾರು ನೋಡುತ್ತಾರೆ ಎಂದುಕೊಂಡೆ.

ಹಸನಾದ ದಾರಿಯನ್ನು ಪರೀಕ್ಷಿಸಲು ನಮ್ಮಲ್ಲೊಂದು ಪದ್ಧತಿ ಇತ್ತು. ಹಿರಿಯರು ಮರದ ಬುಡದಲ್ಲಿ ದಾರಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಉಳಿದವರು ಬರಿಗಾಲಲ್ಲಿ ಬಂದು ಬೆನ್ನು ಮುಟ್ಟಬೇಕು. ಸದ್ದು ಕೇಳಿದರೆ ಹಿರಿಯರು ಕೈ ಎತ್ತುತ್ತಿದ್ದರು. ಅಲ್ಲಿಗೆ ಆಟ ಮುಗಿಯಿತು.

"ಸದ್ದಿಲ್ದ ಬಂದು ಯಾರು ಮುಟ್ತಾರಲ್ಲ, ಅವರು ನನ್ನ ಕೂಡ ಅಟ್ಟ ಹತ್ತೂದು," ಎಂದು ಹೇಳಿ ಅಪ್ಪ ಕೂತರು.

"ಮೊದಲ ನಾ!" ಎಂದು ನಾನು ಹಳ್ಳಕ್ಕೆ ಓಡಿದೆ. ಅಕ್ಕನ ಅರ್ಧವನ್ನು ಬೆಣ್ಣೆಯ ಮೇಲೆ ಜಾರಿದ ಹಾಗೆ ದಾಟಿದೆ. ನನ್ನ ಅರ್ಧದಲ್ಲೂ ಹೇಗೋ ಬಂದೆ. ಕೊನೆಯ ತಿರುವಿನಲ್ಲಿ ನಿಂತೆ. ಮುಂದೆ ಬರೀ ಒಣಗಿದ ಎಲೆ! ಎತ್ತಿದ ಕಾಲು ಇಡಲು ಜಾಗವಿಲ್ಲ. ಕೊಕ್ಕರೆಯ ಹಾಗೆ ಒಂಟಿ ಕಾಲಲ್ಲಿ ನಿಂತು ಬೆವರಿದೆ. ಹಿಂದೆ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

ಆಗ ಹೊಳೆಯಿತು. ಚಿರತೆ ಕಂಡರೆ ಮುಸ್ಯಾಗಳು, ಅಂದರೆ ಕರಿಮೂತಿಯ ಕೋತಿಗಳು, ಮರದ ತುದಿಯಿಂದ "ಖಕ್ಕ್! ಖಕ್ಕ್!" ಎಂದು ಕೂಗುತ್ತವೆ. ಆ ಕೂಗು ನನ್ನ ಬಾಯಲ್ಲೇ ಇತ್ತು. ಒಮ್ಮೆ ಖಕ್ಕ್ ಎಂದೆ, ಅದರ ಸದ್ದಿನಲ್ಲೇ ಒಂದು ಹೆಜ್ಜೆ ಇಟ್ಟೆ. ಅಪ್ಪನ ಕೈ ಏಳಲಿಲ್ಲ, ಬೆನ್ನು ಮಾತ್ರ ನೆಟ್ಟಗಾಯಿತು. ಮತ್ತೆ ಖಕ್ಕ್, ಮತ್ತೆ ಹೆಜ್ಜೆ. ಅಷ್ಟರಲ್ಲಿ ಮೇಲಿದ್ದ ನಿಜವಾದ ಮುಸ್ಯಾಗಳು ನನ್ನನ್ನು ನಂಬಿಬಿಟ್ಟವು! ಕೊಂಬೆಯಿಂದ ಕೊಂಬೆಗೆ ಹಾರುತ್ತ ಖಕ್ಕ್ ಖಕ್ಕ್. ಪೊದೆಯಾಚೆ ಜಿಂಕೆಗಳು ಕೂಗಿ, ಬಿಳಿ ಬಾಲ ಎತ್ತಿ, ಹಳ್ಳ ಹಾರಿ ಓಡಿದವು. ಧೂಳು ಇಳಿಯುವಷ್ಟರಲ್ಲಿ ಅಪ್ಪ ಅಟ್ಟದ ಮೇಲಿದ್ದರು. ಒಂದು ಕಾಲು ಮಾತ್ರ ಕೆಳಗೆ ಜೋಲುತ್ತಿತ್ತು.

ನಾನು ಜಿಗಿದು ಆ ಕಾಲನ್ನೇ ಮುಟ್ಟಿದೆ. ಅಪ್ಪ ಕಿರುಚಿದ್ದನ್ನು ಇವತ್ತಿಗೂ ಹಾಗೆಯೇ ಅಣಕಿಸಬಲ್ಲೆ.

"ಏ ಮಂಗ್ಯಾ! ನೀನೇನಲೇ?"

"ಮುಟ್ಟಿದ್ನಿ! ನನ್ನ ಹೆಜ್ಜಿ ಸದ್ದು ಕೇಳ್ತೇನು, ಹೇಳಪ್ಪಾ?"

ಅಪ್ಪ ಸುಳ್ಳು ಹೇಳುವವರಲ್ಲ. ಹೆಜ್ಜೆ ಕೇಳಿಲ್ಲ ಎಂದು ಒಪ್ಪಿದರು. ಕೆಳಗಿಳಿದು ಒಮ್ಮೆ ನನ್ನನ್ನೂ ಒಮ್ಮೆ ಅಕ್ಕನನ್ನೂ ನೋಡುತ್ತ ತಲೆ ಕೆರೆದರು. ನಾನು ಆಗಲೇ ಗೆದ್ದವನಂತೆ ಕುಣಿಯುತ್ತಿದ್ದೆ.

ಮಕ್ಕಳೇ, ಈಗ ಬೇಟೆ ಇಲ್ಲ, ನಿಂತಿದ್ದೇ ಒಳ್ಳೆಯದಾಯಿತು. ನಾವು ಗುಡಿಸಿದ ದಾರಿ ಪೊದೆಯೊಳಗೆ ಮುಚ್ಚಿಹೋಗಿದೆ. ನೀವು ಜಿಂಕೆ ನೋಡುವುದು ಸಫಾರಿ ಜೀಪಿನಲ್ಲಿ ಕೂತು. ಕಾಲಿಗೆ ಇಬ್ಬನಿ ತಾಗುವುದಿಲ್ಲ, ಮುಳ್ಳು ಚುಚ್ಚುವುದಿಲ್ಲ. ಆದರೂ ಹೋದ ತಿಂಗಳು ಜೀಪಿನವರು "ಸದ್ದ್ ಮಾಡಬ್ಯಾಡ್ರಿ" ಎಂದಾಗ ನೀವೆಲ್ಲ ಉಸಿರು ಬಿಗಿಹಿಡಿದು ಕೂತಿರಿ. ಚಿಪ್ಸ್ ಪೊಟ್ಟಣ ಚರಪರ ಎಂದು ಜಿಂಕೆ ಓಡಿಹೋಯಿತು. ಆ ಪೊಟ್ಟಣ ಯಾರ ಕೈಯಲ್ಲಿತ್ತು ಎಂದು ನಿಮಗೆ ಗೊತ್ತು, ಹೊರಗೆ ಹೇಳಬೇಡಿ.

ಮತ್ತೆ ಅಟ್ಟ ಹತ್ತಿದ್ದು ಯಾರು ಎನ್ನುತ್ತೀರಾ? ಅಕ್ಕನೇ. ಅಪ್ಪ ತಲೆ ಕೆರೆಯುತ್ತಿದ್ದಾಗ ಅವಳು ನಾನು ಬಿಟ್ಟಿದ್ದ ತಿರುವನ್ನು ಗುಡಿಸಿ ಮುಗಿಸಿದಳು. ಪೊರಕೆಯನ್ನು ಹೆಗಲಿಗೇರಿಸಿ ಹೇಳಿದಳು:

"ಅವನ್ನ ಕರಕೊಂಡು ಹೋಗಪ್ಪಾ, ಜಿಂಕಿಗೋಳು ನೂರು ವರ್ಷ ಬದಕ್ತಾವು."