ಕಿರುಬೆರಳ ತುದಿಯ ಸೊನ್ನೆ

ನಾನು ಯಾರನ್ನು ಬೇಕಾದರೂ ಅಣಕಿಸಬಲ್ಲೆ. ಕಚೇರಿಗೆ ಚಹಾ ತರುವ ಕಾಕಾನಿಂದ ಹಿಡಿದು, ಕೆಮ್ಮಿ ಕೆಮ್ಮಿ ಸ್ಟಾರ್ಟ್ ಆಗುವ ನನ್ನ ಬೈಕಿನವರೆಗೆ. ಬಂದ ವಿದ್ಯೆ ಅದೊಂದೇ. ಕೋಡ್ ಬರೆಯುವುದನ್ನು ಇನ್ನೂ ಕಲಿಯುತ್ತಿದ್ದೇನೆ.

ರಾಯಾಪುರದ ನಮ್ಮ ಪುಟ್ಟ ಕಂಪನಿ ಕೋಲ್ಡ್ ಸ್ಟೋರೇಜುಗಳ ತಂಪು ಕಾಯುವ ಯಂತ್ರ ಮಾಡುತ್ತದೆ. ಅದರ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಅಂದರೆ ಕರ್ನಲ್, ಒಳಗೆ ನಡೆಯುವ ಪ್ರತಿ ಕೆಲಸದ ಹೆಸರಿಗೂ ಹದಿನಾರೇ ಮನೆ ಕೊಡುತ್ತದೆ, ಮನೆಗೊಂದು ಅಕ್ಷರ. ಕೊನೆಯದು ಹೆಸರು ಮುಗಿಯಿತೆಂದು ಹೇಳುವ ಸೊನ್ನೆಗೆ. ಹೆಸರು ಉದ್ದವಾದರೆ ಸದ್ದಿಲ್ಲದೆ ಬಾಲ ಕತ್ತರಿಸುತ್ತದೆ.

ನಮ್ಮ ಹಿರಿಯ ಸರ್ ಇದನ್ನು ಬೆರಳ ಮೇಲೆ ಎಣಿಸುವವರು. ಬೆರಳಿಗೆ ಮೂರು ಗೆರೆ, ಒಂದು ತುದಿ. ನಾಲ್ಕು ಬೆರಳಿಗೆ ಹದಿನಾರು. ಕಿರುಬೆರಳ ತುದಿಗೆ ಬಂದಾಗ, “ಇದು ಸೊನ್ನೀದು, ಮುಟ್ಟಬ್ಯಾಡ್ರಿ” ಎನ್ನುವರು.

ನಾನು ಹೊಸ ಕೋಡ್ ಒಪ್ಪಿಸುವ ದಿನ ಗಾಜಿನ ಆಚೆಯ ತಮ್ಮ ಕೋಣೆಯಿಂದಲೇ ಕೇಳಿದರು: “ತಮ್ಮಾ, ಹೆಸರು ಎಣಿಸಿದ್ಯೇನು?”

“ಎಣಸಾಕತ್ತೇನ್ರಿ ಸರ್.”

ಕಣ್ಣು ಅರ್ಧ ಮುಚ್ಚಿ, ತುಟಿ ಅಲ್ಲಾಡಿಸುತ್ತ, ಥೇಟ್ ಅವರಂತೆಯೇ ಹೆಬ್ಬೆರಳು ಓಡಿಸಿದೆ. ಪಕ್ಕದ ಮೇಜಿನ ಗೆಳತಿ ಬಾಯಿಗೆ ದುಪಟ್ಟಾ ಒತ್ತಿಕೊಂಡು, “ಸಾಕ್ ಮಾಡೋ ಮಾರಾಯಾ, ಹೊಟ್ಟಿ ನೋಯಾಕತ್ತೈತಿ” ಎಂದಳು. ನಾನು ಒಂದಕ್ಷರವನ್ನೂ ಎಣಿಸಿರಲಿಲ್ಲ.

ಸ್ಟೋರೇಜಿನ ಒಂದೊಂದು ತಂಪು ಕೋಣೆ ನೋಡಿಕೊಳ್ಳುವ ಕೆಲಸಕ್ಕೂ ಉದ್ದನೆಯ ಹೆಸರಿಟ್ಟು ತುದಿಗೆ ಆ ಕೋಣೆಯ ಸಂಖ್ಯೆ ಬರೆದಿದ್ದೆ. ಕತ್ತರಿಸಿ ಹೋದದ್ದು ಆ ಸಂಖ್ಯೆಯೇ. ಎಲ್ಲ ಕೋಣೆಗಳಿಗೂ ಒಂದೇ ಹೆಸರು ಉಳಿಯಿತು. ಗಿರಾಕಿ ಎರಡನೇ ಕೋಣೆ ತೊಳೆಯಲೆಂದು ಅದರ ತಂಪು ನಿಲ್ಲಿಸಿದರೆ, ಹೆಸರು ನೋಡಿ ನಿಲ್ಲಿಸುವ ನಮ್ಮ ಯಂತ್ರ ಎಲ್ಲವನ್ನೂ ನಿಲ್ಲಿಸಿತು. ಒಣಮೆಣಸಿನಕಾಯಿ ಚೀಲಗಳು ಬೆವರಿದವು.

ಗಿರಾಕಿಯ ಫೋನು ಬಂದದ್ದು ಸರ್‌ಗೆ. ನಮ್ಮೆಲ್ಲರ ಎದುರೇ ನಿಂತು, “ಖರೇ ಅದರಿ, ತಪ್ಪು ನಂದ. ನಾ ನೋಡಿ ಕಳಿಸಬೇಕಿತ್ತು” ಎಂದು ಮತ್ತೆ ಮತ್ತೆ ಹೇಳಿದರು. ಆ ಧ್ವನಿಯನ್ನು ಇವತ್ತಿಗೂ ನಾನು ಅಣಕಿಸಲಾರೆ.

ಆಮೇಲೆ ನನ್ನ ಪಕ್ಕ ಕುರ್ಚಿ ಎಳೆದುಕೊಂಡರು. “ನೀ ಎಣಸೂದು ಗಾಜಿನಾಗಿಂದ ನೋಡಿದ್ನಿ. ಹುಡುಗ ಎಣಿಸ್ಯಾನ ಅಂತ ನಾ ಮತ್ತ ನೋಡಲಿಲ್ಲ. ಹೆಂಗ ತಪ್ಪಿತೋ ತಮ್ಮಾ?”

ಗೆಳತಿ ತನ್ನ ಪರದೆಯೊಳಗೆ ಮುಖ ಹುದುಗಿಸಿದಳು. ಹೆಬ್ಬೆರಳು ಜಾರಿತೆಂದು ಹೇಳಿಬಿಡಬಹುದಿತ್ತು.

“ಎಣಿಸಿರಲಿಲ್ರಿ ಸರ್. ನಿಮ್ಮ ಹಂಗ ಮಾಡಿ ತೋರಸಾಕತ್ತಿದ್ನಿ.”

ಅವರು ತಮ್ಮ ಅಂಗೈ ಬಿಡಿಸಿ ನೋಡಿಕೊಂಡರು.

“ಛಲೋ ಮಾಡಿದ್ದಿ ಬಿಡು,” ಎಂದರು. “ನನಗ ಖರೇನ ಅನಿಸ್ತು.”